ಒಂದೂವರೆ–ಎರಡೂವರೆಗೆ ಸೋತೆವು. ಡ್ರಾ ತಗೋ ಅಂತ ನಾನು ಹೇಳಬೇಕಿತ್ತಾ?

ಸುಂಟಿಕೊಪ್ಪ ಕ್ಯಾಪ್ಟನ್
ಭಾನುವಾರ ಮಡಿಕೇರಿಯಲ್ಲಿ ನಮ್ಮ ಚೆಸ್ ಲೀಗಿನ ಕೊನೇ ಸುತ್ತು ಇತ್ತು. ಎದುರಿಗೆ ವಿರಾಜಪೇಟೆ ಕಡೆಯ ತಂಡ. ನಾಲ್ಕು ಬೋರ್ಡ್, ಅಂದರೆ ಒಂದೊಂದು ತಂಡದಿಂದ ನಾಲ್ಕು ಜನ; ಗೆದ್ದರೆ ಒಂದು ಪಾಯಿಂಟ್, ಡ್ರಾ ಆದರೆ ಅರ್ಧ. ಒಬ್ಬೊಬ್ಬರಿಗೆ ಒಂದು ಗಂಟೆ, ಪ್ರತಿ ನಡೆಗೆ 30 ಸೆಕೆಂಡ್ ಜಾಸ್ತಿ. ಗೆದ್ದರೆ ನಮಗೆ ಮೊದಲ ಸ್ಥಾನ, 2–2 ಆದರೆ ಎರಡನೆಯದು, ಸೋತರೆ ಮೂರನೆಯದು.

ಮೊದಲ ಬೋರ್ಡ್ ಕಪ್ಪಿನಲ್ಲಿ ಗೆದ್ದಿತು. ಎರಡನೆಯದು ಸೋತಿತು. ಮೂರನೆಯದು ಡ್ರಾ. ಒಂದೂವರೆ–ಒಂದೂವರೆ. ಉಳಿದದ್ದು ನಾಲ್ಕನೇ ಬೋರ್ಡ್, ನಮ್ಮ ಎಂಟನೇ ಕ್ಲಾಸಿನ ಹುಡುಗಿ. ಆನೆ ಎಂಡ್‌ಗೇಮ್, ಅಂದರೆ ರಾಜ, ಆನೆ (ರೂಕ್), ಪಾನ್ (ಕಾಲಾಳು) ಮಾತ್ರ ಉಳಿದ ಕೊನೇ ಹಂತ. ಅವಳ ಹತ್ತಿರ ಮೂರು ಪಾನ್, ಎದುರಿನ ಹುಡುಗನ ಹತ್ತಿರ ಎರಡು. ಎಲ್ಲವೂ ಬೋರ್ಡಿನ ಒಂದೇ ಬದಿಯಲ್ಲಿ, ರಾಜನ ಕಡೆಯಲ್ಲೇ.

ಆಗ ಆ ಹುಡುಗ ಡ್ರಾ ಕೇಳಿದ. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ನಾನು "ನಿನ್ನ ಇಷ್ಟ" ಅಂದೆ. ಅವಳು ಒಂದು ನಿಮಿಷ ಯೋಚನೆ ಮಾಡಿ ಆನೆ ಮುಟ್ಟಿದಳು, ಅಂದರೆ ಡ್ರಾ ಬೇಡ ಅಂತ. ಅಲ್ಲಿಂದ ನಲವತ್ತು ನಡೆ ಆದ ಮೇಲೆ ಸೋತಳು.

ಸ್ಕೋರ್‌ಶೀಟಿನಲ್ಲಿ ಫಲಿತಾಂಶ ಬರೆಯುವಾಗ ಆ ಸೊನ್ನೆಯ ಮೇಲೆ ಎರಡು ಸಲ ಪೆನ್ನು ಓಡಿಸಿದಳು. ಎದುರಿನವನಿಗೆ ಕೈ ಕೊಟ್ಟಳು. ಕಾಯಿಗಳನ್ನೆಲ್ಲ ಜೋಡಿಸಿಟ್ಟಳು. ವಾಪಸ್ ಬರುವಾಗ ಬೋಯಿಕೇರಿ ದಾಟುವವರೆಗೂ ಜೀಪಿನಲ್ಲಿ ಒಂದು ಮಾತಿಲ್ಲ. ಆಮೇಲೆ "ಅಂಕಲ್, ನನ್ನಿಂದ ಸೋತೆವು ಅಲ್ವಾ" ಅಂದಳು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ.

ಮೂರು ದಿನದಿಂದ ಇದೇ ತಲೆಯಲ್ಲಿದೆ. ನಾನು ಡ್ರಾ ತಗೋ ಅನ್ನಬೇಕಿತ್ತಾ?

ಕಾಫಿ ತೋಟದ ಕುದುರೆ
ಖಂಡಿತ ಅನ್ನಬೇಕಿತ್ತು. ಆನೆ ಎಂಡ್‌ಗೇಮಿನಲ್ಲಿ ಒಂದೇ ಕಡೆ ಮೂರು ಎದುರು ಎರಡು ಪಾನ್ ಇದ್ದರೆ ಅದು ಡ್ರಾ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗೆಲ್ಲೋಕೆ ಆಗದ ಆಟಕ್ಕೆ ಮಗುವನ್ನು ಯಾಕೆ ನೂಕಿದಿರಿ?

ನಾಪೋಕ್ಲು ಹುಡುಗ
ಡ್ರಾ ಅಂತ ಪುಸ್ತಕದಲ್ಲಿ ಇರುತ್ತೆ ಅಣ್ಣ. ಎದುರಿಗೆ ಕೂತಿರೋದು ಪುಸ್ತಕ ಅಲ್ಲ, ಇನ್ನೊಬ್ಬ ಹುಡುಗ. ಅವನೂ ಸುಸ್ತಾಗಿದ್ದ. ಒಂದು ಪಾನ್ ಮುಂದಿರುವವರು ಆಡದೆ ಇನ್ಯಾರು ಆಡಬೇಕು? ನಾನಾಗಿದ್ದರೂ ಆಡುತ್ತಿದ್ದೆ.

ಕಾಫಿ ತೋಟದ ಕುದುರೆ
ನೀನು ಆಡು. ಸ್ವಂತ ಟೂರ್ನಮೆಂಟಿನಲ್ಲಿ ಏನು ಬೇಕಾದರೂ ಮಾಡು. ಇದು ತಂಡದ ಪಂದ್ಯ. ಸ್ಕೋರ್ ನೋಡಿ ಆಡಬೇಕು.

ನಾಪೋಕ್ಲು ಹುಡುಗ
ಸ್ಕೋರ್ ನೋಡಿಯೇ ಹೇಳುತ್ತಿದ್ದೇನೆ. ಗೆದ್ದರೆ ಮಾತ್ರ ಮೊದಲ ಸ್ಥಾನ ಅಂತ ಅವರೇ ಬರೆದಿದ್ದಾರಲ್ಲ.

ಹಳೇ ಮೇಷ್ಟ್ರು
ಕ್ಯಾಪ್ಟನ್ ಅವರೇ, ನಿಮ್ಮ ಮನಸ್ಸು ಒಳ್ಳೆಯದು, ಅದು ಬರಹದಲ್ಲೇ ಕಾಣುತ್ತದೆ. ಆದರೆ ನೇರವಾಗಿ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಡ್ರಾ ತಗೋ ಅಂದಿದ್ದರೂ ಸರಿ, ಆಡು ಅಂದಿದ್ದರೂ ಸರಿ. ತಪ್ಪಾದದ್ದು "ನಿನ್ನ ಇಷ್ಟ" ಅಂದದ್ದು.

ನಾನು ಮೂವತ್ತು ವರ್ಷ ಪಾಠ ಹೇಳಿದವನು. ಮಗು ದೊಡ್ಡವರ ಮುಖ ನೋಡಿದಾಗ ಅದಕ್ಕೆ ಬೇಕಿರುವುದು ಒಂದು ಉತ್ತರ. "ನಿನ್ನ ಇಷ್ಟ" ಅಂದರೆ ಅದು ಸ್ವಾತಂತ್ರ್ಯ ಅಂತ ನಮಗೆ ಅನಿಸುತ್ತದೆ. ಮಗುವಿಗೆ ಅದು ಹೊರೆ. ಸುತ್ತ ಇಡೀ ತಂಡ ನಿಂತು ನೋಡುತ್ತಿದೆ. ಹದಿಮೂರು ವರ್ಷದವಳು ಎಲ್ಲರ ಎದುರು ಡ್ರಾ ತಗೊಂಡು ಹೆದರಿದವಳು ಅನಿಸಿಕೊಳ್ಳುತ್ತಾಳಾ? ಆಡಿಯೇ ಆಡುತ್ತಾಳೆ. ನೀವು "ಆಡು, ಸೋತರೆ ನಾನು ಹೇಳಿದ್ದು ಅಂತ ಇರಲಿ" ಅಂದಿದ್ದರೆ ಜೀಪಿನಲ್ಲಿ ಆ ಪ್ರಶ್ನೆ ಬರುತ್ತಲೇ ಇರಲಿಲ್ಲ.

ಸುಂಟಿಕೊಪ್ಪ ಕ್ಯಾಪ್ಟನ್
ಮೇಷ್ಟ್ರೇ, ಈ ಮಾತು ನಾಟಿತು. ಬೇಸರ ಏನಿಲ್ಲ. ನನಗೆ ನಿಯಮದ ಭಯ ಇತ್ತು. ಆಟ ನಡೆಯುವಾಗ ಕ್ಯಾಪ್ಟನ್ ಏನಾದರೂ ಹೇಳಿದರೆ ಆರ್ಬಿಟರ್ (ಪಂದ್ಯದ ತೀರ್ಪುಗಾರರು) ಶಿಕ್ಷೆ ಕೊಡುತ್ತಾರೆ ಅಂದುಕೊಂಡಿದ್ದೆ. ಹಾಗಾಗಿ ಸುಮ್ನೆ ಆ ಎರಡು ಪದ ಹೇಳಿ ದೂರ ಹೋದೆ.

ನಿಯಮದ ಅಕ್ಕ
ಆ ಭಯ ಬೇಕಿರಲಿಲ್ಲ. ಆರ್ಬಿಟರ್ ಕೆಲಸ ಮಾಡಿ ಅಭ್ಯಾಸ ಇರುವುದರಿಂದ ಹೇಳುತ್ತೇನೆ. ತಂಡದ ಪಂದ್ಯದಲ್ಲಿ ಕ್ಯಾಪ್ಟನ್ ತನ್ನ ಆಟಗಾರನಿಗೆ ಡ್ರಾ ಕೇಳು, ಡ್ರಾ ಒಪ್ಪಿಕೋ, ಸೋಲು ಒಪ್ಪಿಕೋ ಅಂತ ಹೇಳಬಹುದು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲೇ ಇದಕ್ಕೆ ಜಾಗ ಇದೆ. ನಿಮ್ಮ ಲೀಗಿನವರು ಬೇರೆ ನಿಯಮ ಮಾಡಿಕೊಂಡಿದ್ದರೆ ಮಾತ್ರ ಬೇರೆ ಮಾತು.

ಮಾಡಬಾರದ್ದು ಒಂದೇ, ಬೋರ್ಡಿನ ಮೇಲಿನ ಸ್ಥಿತಿಯ ಬಗ್ಗೆ ಮಾತಾಡುವುದು. "ನೀನು ಒಂದು ಪಾನ್ ಮುಂದಿದ್ದೀಯ, ಆಡು" ಅಂದರೆ ತಪ್ಪು. "ನಮಗೆ ಗೆಲುವು ಬೇಕು, ಆಡು" ಅಂದರೆ ಸರಿ. ಪಂದ್ಯದ ಸ್ಕೋರ್ ನೋಡಿ ಹೇಳಿದ ಚಿಕ್ಕ ಮಾತು ಅಷ್ಟೇ ಇರಬೇಕು. ಆರ್ಬಿಟರ್ ಕಿವಿಗೆ ಬೀಳುವ ಹಾಗೆ ಹೇಳಿ, ಯಾರಿಗೂ ಅನುಮಾನ ಉಳಿಯುವುದಿಲ್ಲ.

ಇನ್ನೊಂದು. ಡ್ರಾ ಕೇಳಿದ ಮೇಲೆ ಅದನ್ನು ವಾಪಸ್ ತಗೊಳ್ಳುವ ಹಾಗಿಲ್ಲ. ಎದುರಿನವರು ಬಾಯಲ್ಲಿ ಬೇಡ ಅನ್ನುವವರೆಗೆ ಅಥವಾ ನಡೆ ಮಾಡೋಕೆ ಕಾಯಿ ಮುಟ್ಟುವವರೆಗೆ ಅದು ಹಾಗೇ ಇರುತ್ತದೆ. ಅವಳ ಗಡಿಯಾರದಲ್ಲಿ ಸಮಯ ಇದ್ದರೆ ಹತ್ತು ನಿಮಿಷ ಬೇಕಾದರೂ ಯೋಚಿಸಬಹುದಿತ್ತು. ಒಂದೇ ನಿಮಿಷದಲ್ಲಿ ಮುಟ್ಟಬೇಕಾಗಿರಲಿಲ್ಲ. ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ ನೋಡಿ.

ಕುಶಾಲನಗರದ ಅಮ್ಮ
ಪಾಪ ಮಗು. ಅವಳು ಈಗ ಹೇಗಿದ್ದಾಳೆ? ನಿಯಮ ಎಲ್ಲ ಆಮೇಲೆ.

ಸುಂಟಿಕೊಪ್ಪ ಕ್ಯಾಪ್ಟನ್
ಶಾಲೆಗೆ ಹೋಗುತ್ತಿದ್ದಾಳೆ. ಸಂಜೆ ಅಭ್ಯಾಸಕ್ಕೆ ಬಂದಿಲ್ಲ. ಹೊಟ್ಟೆ ನೋವು ಅಂತ ಅವರ ಅಮ್ಮ ಹೇಳಿದರು.

ಕಾಫಿ ತೋಟದ ಕುದುರೆ
ನನ್ನ ಮೊದಲ ಮಾತು ಗಡುಸಾಯಿತು, ಕ್ಷಮಿಸಿ. ಅವಳನ್ನು ಬೈದದ್ದಲ್ಲ. ಆದರೆ ಒಂದು ಲೆಕ್ಕ ಹೇಳುತ್ತೇನೆ. 2–2 ಆಗಿದ್ದರೂ ನೀವೇ ಗೆಲ್ಲುತ್ತಿದ್ದಿರಿ! ಬರ್ಲಿನ್ ಲೆಕ್ಕ ಅಂತ ಇದೆ. ಮೊದಲ ಬೋರ್ಡಿನ ಗೆಲುವಿಗೆ 4, ಎರಡನೆಯದಕ್ಕೆ 3, ಮೂರನೆಯದಕ್ಕೆ 2, ನಾಲ್ಕನೆಯದಕ್ಕೆ 1. ಡ್ರಾ ಆದರೆ ಅರ್ಧ. ನಿಮಗೆ 4, 1, ಅರ್ಧ ಸೇರಿ ಐದೂವರೆ. ಅವರಿಗೆ ನಾಲ್ಕೂವರೆ.

ನಿಯಮದ ಅಕ್ಕ
ಲೆಕ್ಕ ಸರಿ, ಜಾಗ ತಪ್ಪು. ಬರ್ಲಿನ್ ಲೆಕ್ಕ ನಾಕೌಟ್ ಪಂದ್ಯಕ್ಕೆ. ಅಲ್ಲಿ 2–2 ಆದರೆ ಒಬ್ಬರು ಮುಂದೆ ಹೋಗಲೇಬೇಕು. ಇದು ಲೀಗ್. ಗೆಲುವಿಗೆ ಎರಡು ಮ್ಯಾಚ್ ಪಾಯಿಂಟ್, 2–2 ಆದರೆ ಇಬ್ಬರಿಗೂ ಒಂದೊಂದು, ಅಲ್ಲಿಗೆ ಮುಗಿಯಿತು.

ಗೋಣಿಕೊಪ್ಪಲಿನ ಗೋಲ್‌ಕೀಪರ್
ನಾನು ಚೆಸ್ ಆಡುವವನಲ್ಲ, ಮಗಳು ಆಡುತ್ತಾಳೆ ಅಂತ ಓದುತ್ತಿದ್ದೇನೆ. ಹಾಕಿಯಲ್ಲಿ ಇದೇ ಕಥೆ. ನಮ್ಮ ಮನೆತನದ ತಂಡಕ್ಕೆ ಮೂರು ವರ್ಷ ಗೋಲ್ ಕಾದಿದ್ದೇನೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ನಾನು ಹುಡುಗ, ಗ್ಯಾಲರಿಯಲ್ಲಿ ಕೂತು ನೋಡಿದವನು. ಅಲ್ಲಿಂದ ಇಲ್ಲಿಯವರೆಗೆ ಒಂದೇ ನೋಡುತ್ತಿರುವುದು. ಶೂಟೌಟಿನಲ್ಲಿ ಕೊನೆಗೆ ಹೊಡೆದು ತಪ್ಪಿಸಿದವನನ್ನು ಜನ ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಆಟದ ನಡುವೆ ಖಾಲಿ ಗೋಲ್ ಎದುರು ಚೆಂಡು ಹೊರಗೆ ಹೊಡೆದವನನ್ನು ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತಾರೆ.

ನಿಮ್ಮ ಎರಡನೇ ಬೋರ್ಡ್ ಸೋತದ್ದು ಹೇಗೆ? ಅದರ ಬಗ್ಗೆ ಒಂದು ಸಾಲಲ್ಲಿ ಮುಗಿಸಿದ್ದೀರಿ.

ನಾಪೋಕ್ಲು ಹುಡುಗ
ಅದೇ! ಒಳ್ಳೆ ಪ್ರಶ್ನೆ.

ಎರಡನೇ ಬೋರ್ಡ್
ಅದು ನಾನೇ. ಎರಡು ದಿನದಿಂದ ಓದುತ್ತಾ ಸುಮ್ಮನಿದ್ದೆ. ಗೋಲ್‌ಕೀಪರ್ ಅವರು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನದು ಸೋಲುವ ಆಟ ಆಗಿರಲಿಲ್ಲ. ನನಗೆ ಕುದುರೆ, ಅವರಿಗೆ ಒಂಟೆ (ಬಿಷಪ್), ಪಾನ್ ಸಮ. ಅವರ ರಾಜ ನನ್ನ ಕಡೆ ಬರದ ಹಾಗೆ ನನ್ನ ಕುದುರೆ ಎರಡು ಮನೆಗಳ ನಡುವೆ ಹೋಗಿ ಬರುತ್ತಿತ್ತು. ಅವರ ಒಂಟೆಯೂ ಹಾಗೇ. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು. ಎರಡು ಸಲ ಬಂದಾಗಿತ್ತು, ನಾನು ಲೆಕ್ಕ ಇಟ್ಟಿದ್ದೆ. ಮೂರನೇ ಸಲ ಕುದುರೆ ಇಟ್ಟೆ, ಗಡಿಯಾರ ಒತ್ತಿದೆ, ಕೈ ಎತ್ತಿ "ಸರ್, ಮೂರು ಸಲ ಆಯಿತು, ಡ್ರಾ" ಅಂದೆ.

ಆರ್ಬಿಟರ್ ಬಂದು ಇಬ್ಬರ ಸ್ಕೋರ್‌ಶೀಟೂ ನೋಡಿದರು. ನನ್ನ ಗಡಿಯಾರ ನೋಡಿದರು. "ನಡೆ ಮಾಡಿ ಒತ್ತಿಬಿಟ್ಟಿದ್ದೀರಿ, ಈಗ ಸರದಿ ಅವರದು" ಅಂದರು. ಎದುರಿನವರು ಇಪ್ಪತ್ತು ಸೆಕೆಂಡ್ ಸುಮ್ಮನಿದ್ದು ಒಂಟೆಯನ್ನು ಬೇರೆ ಕಡೆ ಹಾಕಿದರು. ನನ್ನ ಕೈ ನಡುಗುತ್ತಿತ್ತು. ಡ್ರಾ ಕೈಗೆ ಬಂದು ಹೋಯಿತು ಅನ್ನೋದೇ ತಲೆಯಲ್ಲಿ. ಆರು ನಡೆಯಲ್ಲಿ ಕುದುರೆ ಕಳೆದುಕೊಂಡೆ.

ನನಗೆ ನಲವತ್ತೆರಡು ವರ್ಷ. ಅವಳಿಗೆ ಹದಿಮೂರು. ನನ್ನ ಅರ್ಧ ಪಾಯಿಂಟ್ ಉಳಿದಿದ್ದರೆ ಅವಳು ಸೋತ ಮೇಲೂ 2–2. ಅಷ್ಟೇ ಅಲ್ಲ, ನಾವು ಎರಡು–ಒಂದರಲ್ಲಿ ಮುಂದಿರುತ್ತಿದ್ದೆವು. ಆಗ ಆ ಹುಡುಗ ಡ್ರಾ ಕೇಳುತ್ತಲೇ ಇರಲಿಲ್ಲ. ಅವಳು ಅಷ್ಟು ಭಾರ ಹೊತ್ತು ಆಡಬೇಕಾಗಿ ಬಂದದ್ದೇ ನನ್ನಿಂದ. ನಾನು ಬೇಗ ಮುಗಿಸಿ ಹೊರಗೆ ಕಾಫಿ ಕುಡಿಯುತ್ತಿದ್ದೆ, ಅದಕ್ಕೆ ಯಾರೂ ನನ್ನ ಮುಖ ನೋಡಲಿಲ್ಲ.

ಹಳೇ ಮೇಷ್ಟ್ರು
ಇದನ್ನು ಇಲ್ಲಿ ಬರೆದದ್ದು ದೊಡ್ಡ ಕೆಲಸ. ಆ ಮಗುವಿಗೂ ನೀವೇ ಹೋಗಿ ಹೇಳಿ. ಕ್ಯಾಪ್ಟನ್ ಹತ್ತು ಸಲ ಸಮಾಧಾನ ಹೇಳುವುದಕ್ಕಿಂತ ನೀವು ಒಂದು ಸಲ ಹೇಳಿದರೆ ಹೆಚ್ಚು.

ಕಾಫಿ ತೋಟದ ಕುದುರೆ
ಆ ಆರ್ಬಿಟರ್ ಮಾಡಿದ್ದು ಸರಿಯಲ್ಲ. ಸ್ಥಿತಿ ಮೂರು ಸಲ ಬಂದದ್ದು ನಿಜ ತಾನೇ? ಗಡಿಯಾರ ಒತ್ತಿದರೆ ಏನಾಯಿತು? ಡ್ರಾ ಕೊಡಬೇಕಿತ್ತು.

ನಿಯಮದ ಅಕ್ಕ
ಇಲ್ಲ, ಅವರು ಮಾಡಿದ್ದು ಸರಿಯಾಗಿಯೇ ಇದೆ. ಮೂರು ಸಲದ ಡ್ರಾ ತಾನಾಗಿ ಬರುವುದಿಲ್ಲ, ಕೇಳಬೇಕು. ಯಾರ ಸರದಿಯೋ ಅವರೇ ಕೇಳಬೇಕು. ನಿಮ್ಮ ನಡೆಯಿಂದ ಮೂರನೇ ಸಲ ಬರುತ್ತದೆ ಅಂದರೆ ಆ ನಡೆಯನ್ನು ಕಾಯಿ ಮುಟ್ಟದೆ ಮೊದಲು ಶೀಟಿನಲ್ಲಿ ಬರೆಯಬೇಕು. ಬರೆದು, ಆರ್ಬಿಟರನ್ನು ಕರೆದು, "ಈ ನಡೆ ಆಡಲಿದ್ದೇನೆ, ಇದರಿಂದ ಮೂರನೇ ಸಲ ಆಗುತ್ತದೆ" ಅನ್ನಬೇಕು. ಕಾಯಿ ಮುಟ್ಟಿದರೆ ಆ ಸರದಿಗೆ ಹಕ್ಕು ಹೋಯಿತು.

ಐದು ಸಲ ಬಂದರೆ ಮಾತ್ರ ಆರ್ಬಿಟರ್ ತಾವೇ ಡ್ರಾ ಮಾಡುತ್ತಾರೆ. ಯಾರೂ ಪಾನ್ ನಡೆಸದೆ, ಕಾಯಿ ಹೊಡೆಯದೆ ಸಾಗಿದಾಗ ಬರುವ 50 ನಡೆ, 75 ನಡೆಯ ನಿಯಮವೂ ಹೀಗೇ. 50ಕ್ಕೆ ನೀವು ಕೇಳಬೇಕು, 75ಕ್ಕೆ ತಾನಾಗಿ ಮುಗಿಯುತ್ತದೆ.

ಎರಡನೇ ಬೋರ್ಡಿನವರೇ, ಈ ತಪ್ಪು ನಾನು ಎಷ್ಟೋ ಸಲ ನೋಡಿದ್ದೇನೆ. ರೇಟಿಂಗ್ ಇರುವವರೂ ಮಾಡುತ್ತಾರೆ. ಎದ್ದು ಹೋಗಿ "ಸಾರಿ, ಕೊಡೋಕೆ ಆಗಲ್ಲ" ಅನ್ನುವಾಗ ನಮಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಕಾಫಿ ತೋಟದ ಕುದುರೆ
ಸರಿ ಅಕ್ಕ, ಒಪ್ಪಿದೆ. ಹದಿನೈದು ವರ್ಷದಿಂದ ಆಡುತ್ತಿದ್ದೇನೆ, ಈ "ಮೊದಲು ಬರೆ" ಅನ್ನುವುದು ಗೊತ್ತಿರಲಿಲ್ಲ.

ಸೋಮವಾರಪೇಟೆ ಅಜ್ಜ
ನಡುವೆ ಒಂದು ಮಾತು. ನೀವೆಲ್ಲ ಒಂಟೆ ಒಂಟೆ ಅನ್ನುತ್ತೀರಿ. ನಮ್ಮ ಮನೆಯಲ್ಲಿ ಮೂಲೆಯದು ರಥ, ಮಂತ್ರಿಯ ಪಕ್ಕದ್ದು ಆನೆ. ರಥ, ಆನೆ, ಕುದುರೆ, ಕಾಲಾಳು, ಈ ನಾಲ್ಕು ಸೇರಿದರೆ ತಾನೇ ಚತುರಂಗ. ಈ ಒಂಟೆ ಎಲ್ಲಿಂದ ಬಂತು?

ನಾಪೋಕ್ಲು ಹುಡುಗ
ಅಜ್ಜ, ನಮ್ಮ ಕ್ಲಾಸಿನಲ್ಲಿ ರೂಕ್, ಬಿಷಪ್ ಅಂತಲೇ ಅನ್ನುತ್ತಾರೆ. ಮನೆಗೆ ಬಂದರೆ ಅಪ್ಪ ಆನೆ, ಒಂಟೆ ಅನ್ನುತ್ತಾರೆ. ನೀವು ಹೇಳಿದ ಹಾಗೆ ಆಡಿದರೆ ನಾನು ಮೂಲೆಯ ಆನೆಯನ್ನು ಓರೆಯಾಗಿ ಓಡಿಸಬೇಕು.

ಸೋಮವಾರಪೇಟೆ ಅಜ್ಜ
ಏನಾದರೂ ಕರೆಯಿರಿ, ಆಡುವುದು ಬಿಡಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮಗೆ ಇದ್ದದ್ದೇ ಈ ಆಟ.

ವಿರಾಜಪೇಟೆ ಕಡೆಯವ
ನಮಸ್ಕಾರ. ನಾನು ಎದುರಿನ ತಂಡದ ಕ್ಯಾಪ್ಟನ್. ಗೆದ್ದವರು ಇಲ್ಲಿ ಮಾತಾಡಬಾರದು ಅಂತ ಇದ್ದೆ. ಆದರೆ ಒಂದು ವಿಷಯ ನಿಮಗೆ ಗೊತ್ತಿಲ್ಲ.

ನಮ್ಮ ಹುಡುಗ ಡ್ರಾ ಕೇಳಿದ್ದು ನಾನು ಹೇಳಿದ್ದಕ್ಕೆ. ನಮಗೆ 2–2 ಸಾಕಿತ್ತು, ಮೊದಲ ಸ್ಥಾನ ಬರುತ್ತಿತ್ತು. ಅವನು ಒಂದು ಪಾನ್ ಹಿಂದಿದ್ದ, ಬೆವರುತ್ತಿದ್ದ. ಅವಳು ಬೇಡ ಅಂದಾಗ ನನ್ನ ಎದೆ ಧಸಕ್ ಅಂದಿತು. ಆ ಹತ್ತು ಹದಿನೈದು ನಡೆ ಅವಳು ಬಹಳ ಚೆನ್ನಾಗಿ ಆಡಿದಳು. ಒಂದು ಹಂತದಲ್ಲಿ ನಮ್ಮ ರಾಜ ಮೂಲೆಗೆ ಹೋಗಿ, ನಾನು ಸೋತೆವು ಅಂದುಕೊಂಡು ಕಿಟಕಿ ಹತ್ತಿರ ಹೋಗಿ ಮಳೆ ನೋಡುತ್ತಾ ನಿಂತಿದ್ದೆ.

ಹಾಗಾಗಿ ಡ್ರಾ ಬೇಡ ಅಂದದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ನಿಮಗೆ ಗೆಲುವು ಬೇಕಿತ್ತು, ನಮಗೆ ಡ್ರಾ ಬೇಕಿತ್ತು. ನಾವು ಕೇಳಿದ್ದನ್ನು ಅವಳು ಕೊಡಲಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ "ಆಡು" ಅಂತಲೇ ಹೇಳುತ್ತಿದ್ದೆ.

ಸುಂಟಿಕೊಪ್ಪ ಕ್ಯಾಪ್ಟನ್
ಇದನ್ನು ನೀವೇ ಬಂದು ಹೇಳಿದಿರಲ್ಲ, ತುಂಬಾ ಉಪಕಾರ ಆಯಿತು.

ಹಳೇ ಮೇಷ್ಟ್ರು
ಹಾಗಾದರೆ ಅವಳು ಸೋತದ್ದು ಎಲ್ಲಿ? ಆಟ ಯಾರಾದರೂ ಬರೆದುಕೊಂಡಿದ್ದೀರಾ?

ವಿರಾಜಪೇಟೆ ಕಡೆಯವ
ನಮ್ಮ ಶೀಟ್ ನನ್ನ ಹತ್ತಿರ ಇದೆ. ಎ ಇಂದ ಎಚ್ ಅಂದರೆ ಅವಳ ಎಡದಿಂದ ಬಲಕ್ಕೆ ಉದ್ದ ಸಾಲು, 1ರಿಂದ 8 ಅಂದರೆ ಅವಳ ಕಡೆಯಿಂದ ಅಡ್ಡ ಸಾಲು. ಅವಳು ಗೆಲ್ಲೋಕೆ ಅಂತ ಜಿ ಪಾನ್ ಮುಂದೆ ತಳ್ಳಿದಳು. ಅಲ್ಲಿ ರಾಜನ ಮುಂದೆ ಬಯಲಾಯಿತು. ಎರಡು ಪಾನ್ ಹೋದವು, ಒಂದನ್ನು ಬದಲಿಗೆ ತೆಗೆದಳು, ಉಳಿದೊಂದೂ ಆಮೇಲೆ ಬಿತ್ತು. ಕೊನೆಗೆ ಉಳಿದದ್ದು ಎರಡು ಆನೆ, ನಮ್ಮದೊಂದು ಎಫ್ ಪಾನ್. ಅದು ಆಗ ಎಫ್4ರಲ್ಲಿ ಇತ್ತು. ಅವಳ ರಾಜ ಎಫ್1ರಲ್ಲಿ, ಸರಿಯಾದ ಜಾಗ. ಆಗಲೂ ಅದು ಡ್ರಾ! ಆದರೆ ಅವಳು ಆನೆಯನ್ನು ವಾಪಸ್ ಎ1ಕ್ಕೆ ತಂದಳು. ರಾಜನ ಸಾಲಿನಲ್ಲೇ ಕಾವಲಿಗೆ ಅಂತ.

ಹಳೇ ಮೇಷ್ಟ್ರು
ಅಯ್ಯೋ. ಅಲ್ಲೇ ಇದೆ. ಅದು ಎ3ರಲ್ಲಿ ಇರಬೇಕಿತ್ತು.

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಇಲ್ಲಿ ಓದುವ ಮಕ್ಕಳಿಗೂ ಬೇಕಾಗುತ್ತದೆ. ಫಿಲಿಡೋರ್ ಅಂತ 18ನೇ ಶತಮಾನದ ಫ್ರೆಂಚ್ ಆಟಗಾರ, ಸಂಗೀತಗಾರ ಕೂಡ. ಈ ಕಾವಲಿಗೆ ಅವನದೇ ಹೆಸರು. ನಿಮ್ಮ ರಾಜ ಪಾನಿನ ಎದುರಿಗೆ ಇರಬೇಕು. ನಿಮ್ಮ ಆನೆ ನಿಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ಅಡ್ಡ ನಿಲ್ಲಬೇಕು. ಆಗ ಎದುರಿನ ರಾಜ ಆ ಸಾಲು ದಾಟಿ ಬರೋಕೆ ಆಗುವುದಿಲ್ಲ. ಆನೆ ಆ ಸಾಲಿನಲ್ಲೇ ಆ ಕಡೆ ಈ ಕಡೆ ಹೋಗುತ್ತಾ ಕಾಯುತ್ತಿರಲಿ. ಅವರು ಬೇರೆ ದಾರಿ ಇಲ್ಲದೆ ಪಾನನ್ನೇ ಮೂರನೇ ಸಾಲಿಗೆ ತಳ್ಳಿದರೆ, ಆ ಕ್ಷಣ ನಿಮ್ಮ ಆನೆ ಓಡಿ ಎಂಟನೇ ಸಾಲಿಗೆ ಹೋಗಬೇಕು. ಅಲ್ಲಿಂದ ಹಿಂದಿನಿಂದ ಚೆಕ್ ಕೊಡುತ್ತಾ ಇದ್ದರಾಯಿತು. ಪಾನ್ ಮುಂದೆ ಬಂದಿರುವುದರಿಂದ ಅವರ ರಾಜನಿಗೆ ಅಡಗಲು ಜಾಗವೇ ಇಲ್ಲ.

ಅವಳು ಮಾಡಿದ ಹಾಗೆ ಆನೆಯನ್ನು ಕೆಳಗಿನ ಸಾಲಿಗೆ ತಂದು ಕೂರಿಸಿದರೆ, ಎದುರಿನದು ಎ ಅಥವಾ ಎಚ್, ಬಿ ಅಥವಾ ಜಿ ಪಾನ್ ಆಗಿದ್ದರೆ ಉಳಿಯಬಹುದು. ಎಫ್ ಪಾನಿಗೆ ಉಳಿಯುವುದಿಲ್ಲ.

ಕಾಫಿ ತೋಟದ ಕುದುರೆ
ಇದು ಎಂಟನೇ ಕ್ಲಾಸಿನ ಮಗುವಿಗೆ ಹೇಗೆ ಗೊತ್ತಿರಬೇಕು ಮೇಷ್ಟ್ರೇ? ನಮ್ಮ ಕಡೆ ಮಕ್ಕಳಿಗೆ ಕಲಿಸುವುದೆಲ್ಲ ಓಪನಿಂಗ್, ಆಟದ ಶುರು. ಹತ್ತು ನಡೆ ಬಾಯಿಪಾಠ.

ಹಳೇ ಮೇಷ್ಟ್ರು
ಅದೇ ನಾನು ಹೇಳುವುದು. ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸದ ಪಾಠದಲ್ಲಿ ಫೇಲ್ ಮಾಡುವ ಹಾಗಿಲ್ಲ.

ಕುಶಾಲನಗರದ ಅಮ್ಮ
ನನ್ನ ಮಗನೂ ಹೋದ ವರ್ಷ ಹೀಗೇ ಸೋತು ಒಂದು ವಾರ ಬೋರ್ಡ್ ಮುಟ್ಟಲಿಲ್ಲ. ಆಗ ಗುಕೇಶ್ ಕಥೆ ಹೇಳಿದ್ದೆ. 2022ರಲ್ಲಿ ಚೆನ್ನೈ ಒಲಿಂಪಿಯಾಡ್, ದೇಶಗಳ ತಂಡಗಳ ಚೆಸ್ ಪಂದ್ಯಾವಳಿ. ಹುಡುಗನಿಗೆ 16 ವರ್ಷ. ಮೊದಲ ಎಂಟು ಆಟ ಎಂಟಕ್ಕೆ ಎಂಟು. ಹತ್ತನೇ ಸುತ್ತಿನಲ್ಲಿ ಉಜ್ಬೇಕಿಸ್ತಾನದ ಅಬ್ದುಸತ್ತೊರೊವ್ ಎದುರು ಕೈಯಲ್ಲಿದ್ದ ಆಟ ಸೋತ. ಪಂದ್ಯ 2–2 ಆಯಿತು. ಚಿನ್ನ ಉಜ್ಬೇಕಿಸ್ತಾನಕ್ಕೆ ಹೋಯಿತು, ಗುಕೇಶ್ ಆಡಿದ ಭಾರತದ ಬಿ ತಂಡಕ್ಕೆ ಕಂಚು. ಆಟ ಮುಗಿದ ಮೇಲೆ ಆ ಹುಡುಗ ಕುರ್ಚಿ ಬಿಟ್ಟು ಏಳಲೇ ಇಲ್ಲ, ತಲೆ ತಗ್ಗಿಸಿ ಕೂತಿದ್ದ. ಆ ಫೋಟೋ ನೋಡಿ ನಾನು ಅತ್ತಿದ್ದೇನೆ. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಚಿನ್ನ, ಅದೇ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್.

ನಾಪೋಕ್ಲು ಹುಡುಗ
ಸಿಂಗಾಪುರದ ಕೊನೇ ಆಟವೂ ಇದೇ ಥರ ಅಕ್ಕ! 14ನೇ ಆಟ. ಆನೆ, ಒಂಟೆ, ಪಾನ್ ಉಳಿದಿದ್ದವು. ಗುಕೇಶ್ ಒಂದು ಪಾನ್ ಮುಂದೆ. ಎಲ್ಲರೂ ಡ್ರಾ ಅಂದರು. ಅವರು ಬಿಡದೆ ಆಡಿದರು. 55ನೇ ನಡೆಯಲ್ಲಿ ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟು ತಪ್ಪು ಮಾಡಿದರು. ಪುಸ್ತಕದಲ್ಲಿ ಡ್ರಾ ಅಂತ ಗುಕೇಶ್ ಕೈ ಕೊಟ್ಟಿದ್ದರೆ? ಕಾಫಿ ತೋಟದ ಅಣ್ಣ, ಉತ್ತರ ಹೇಳಿ.

ಕಾಫಿ ತೋಟದ ಕುದುರೆ
ಹೇಳುತ್ತೇನೆ. ಗುಕೇಶ್‌ಗೆ ಆ ಎಂಡ್‌ಗೇಮ್ ಆಡೋಕೆ ಬರುತ್ತಿತ್ತು. ಅದು ವ್ಯತ್ಯಾಸ. ಒಂದು ಪಾನ್ ಮುಂದಿದ್ದು ಆಡುವವರಿಗೆ ಅದೇ ಪಾನ್ ಹಿಂದಾದಾಗ ಹೇಗೆ ಉಳಿಯಬೇಕು ಅನ್ನುವುದೂ ಗೊತ್ತಿರಬೇಕು. ಅಷ್ಟು ಕಲಿಸಿ ಆಮೇಲೆ "ಆಡು" ಅನ್ನಿ, ನಾನು ಬೇಡ ಅನ್ನುವುದಿಲ್ಲ.

ಗೋಣಿಕೊಪ್ಪಲಿನ ಗೋಲ್‌ಕೀಪರ್
ಇದು ನನಗೂ ಅರ್ಥ ಆಯಿತು. ಮುನ್ನುಗ್ಗಿ ಆಡಬೇಕಾದರೆ ಹಿಂದೆ ಗೋಲ್ ಕಾಯುವವನು ಇರಬೇಕು.

ಎರಡನೇ ಬೋರ್ಡ್
ಈಗ ಅವರ ಮನೆಯಿಂದ ಬಂದೆ. ಮೊದಲು ಮಾತಾಡಲಿಲ್ಲ. ನನ್ನ ಸ್ಕೋರ್‌ಶೀಟ್ ಅವಳ ಮುಂದೆ ಇಟ್ಟೆ. ಎಲ್ಲಿ ಗಡಿಯಾರ ಒತ್ತಿದೆ ಅಂತ ತೋರಿಸಿದೆ. ಅವಳು ಒಂದೊಂದೇ ನಡೆ ಬೆರಳಿಟ್ಟು ಓದಿದಳು. "ಅಂಕಲ್, ನೀವು ಇಲ್ಲಿ ಬರೆದು ಕೇಳಿದ್ದರೆ ಆಗ್ತಿತ್ತು ಅಲ್ವಾ" ಅಂದಳು. ಹೌದು ಅಂದೆ. "ಹಾಗಾದರೆ ನಾನೊಬ್ಬಳೇ ಅಲ್ಲ" ಅಂದಳು. ಅಲ್ಲ ಅಂದೆ. ಅವಳ ಅಮ್ಮ ಅಕ್ಕಿ ರೊಟ್ಟಿ ಕೊಟ್ಟರು, ಇಬ್ಬರೂ ತಿಂದೆವು.

ಮೇಷ್ಟ್ರು ಹೇಳಿದ ಮೂರನೇ ಸಾಲಿನ ವಿಷಯ ಹೇಳಿದಾಗ ಒಳಗೆ ಹೋಗಿ ಬೋರ್ಡ್ ತಂದಳು. ಒಂದು ಗಂಟೆ ನಾನು ಪಾನ್ ಹಿಡಿದು ಆಡಿದೆ, ಅವಳು ಕಾದಳು. ಮೊದಲು ಮೂರು ಸಲ ಸೋತಳು. ಆಮೇಲೆ ನನಗೆ ಗೆಲ್ಲೋಕೆ ಆಗಲೇ ಇಲ್ಲ.

ಕುಶಾಲನಗರದ ಅಮ್ಮ
ಓದಿ ಕಣ್ಣು ತುಂಬಿತು.

ಸುಂಟಿಕೊಪ್ಪ ಕ್ಯಾಪ್ಟನ್
ನನಗೂ ಫೋನ್ ಬಂತು, ಅವಳೇ ಮಾಡಿದ್ದು. ಶನಿವಾರ ಅಭ್ಯಾಸ ಎಷ್ಟು ಗಂಟೆಗೆ ಅಂತ ಕೇಳಿದಳು. ಮುಂದಿನ ಸಲ ನನ್ನ ಮುಖ ನೋಡಿದರೆ ಆಡು ಅಥವಾ ತಗೋ, ಎರಡರಲ್ಲಿ ಒಂದು ಹೇಳುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ.

ಮೇಷ್ಟ್ರೇ, ಶನಿವಾರ ಸುಂಟಿಕೊಪ್ಪಕ್ಕೆ ಬರುತ್ತೀರಾ? ಆನೆ ಎಂಡ್‌ಗೇಮ್ ಮಾತ್ರ ತಗೊಳ್ಳೋಣ. ನಿಯಮದ ಅಕ್ಕ, ಡ್ರಾ ಕೇಳುವುದು ಹೇಗೆ ಅಂತ ನೀವು ಅರ್ಧ ಗಂಟೆ ಹೇಳಿದರೆ ದೊಡ್ಡವರೂ ಕೂತು ಕೇಳುತ್ತೇವೆ.

ಹಳೇ ಮೇಷ್ಟ್ರು
ಬರುತ್ತೇನೆ. ಬಸ್ಸಿನಲ್ಲಿ ಬರುವುದು, ಹತ್ತೂವರೆ ಆಗಬಹುದು.

ವಿರಾಜಪೇಟೆ ಕಡೆಯವ
ನಮ್ಮ ಹುಡುಗನನ್ನೂ ಕರೆತರಲಾ? ಆ ಎಂಡ್‌ಗೇಮ್ ಗೆದ್ದದ್ದು ಹೇಗೆ ಅಂತ ಅವನಿಗೂ ಗೊತ್ತಿಲ್ಲ.

ಸುಂಟಿಕೊಪ್ಪ ಕ್ಯಾಪ್ಟನ್
ಖಂಡಿತ ಕರೆತನ್ನಿ. ಊಟ ಇಲ್ಲೇ. ಬೋರ್ಡ್ ಆರು ಇವೆ. ಎರಡು ಗಡಿಯಾರದ ಬ್ಯಾಟರಿ ಮುಗಿದಿದೆ, ಬರುವವರು ಯಾರಾದರೂ ಒಂದು ಪ್ಯಾಕೆಟ್ ತಗೊಂಡು ಬನ್ನಿ.